ಅಪ್ಪ ಮೇಲ್‌ನಲ್ಲಿ ಬಂದ ರೀಫಂಡ್ ಫೈಲ್ ತೆರೆದುಬಿಟ್ಟಿದ್ದಾರೆ, ಈಗ ಏನು ಮಾಡುವುದು?

ಕುವೆಂಪುನಗರ ಕಾರ್ನರ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ನಾನು ಇರುವುದು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಮೈಸೂರು ಕುವೆಂಪುನಗರದಲ್ಲಿ. ಅಪ್ಪನಿಗೆ 71, ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಮನೆಯಲ್ಲಿ 2017ರ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಪಿಂಚಣಿ, ಇನ್‌ಕಮ್ ಟ್ಯಾಕ್ಸ್, ಕರೆಂಟ್ ಬಿಲ್ಲು ಎಲ್ಲ ಅದರಲ್ಲೇ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ತಮ್ಮ ಊರಿನ ನೆನಪುಗಳನ್ನು ಟೈಪ್ ಮಾಡುತ್ತಿದ್ದಾರೆ, ಇನ್ನೂರು ಪುಟ ದಾಟಿದೆ, ಅದಕ್ಕೆ ಇನ್ನೊಂದು ಕಾಪಿ ಎಲ್ಲೂ ಇಲ್ಲ.

ಮೊನ್ನೆ ಒಂದು ಮೇಲ್ ಬಂದಿದೆ. ನಿಮ್ಮ ರೀಫಂಡ್ 15,490 ರೂಪಾಯಿ ಮಂಜೂರಾಗಿದೆ, 24 ಗಂಟೆಯೊಳಗೆ ಖಾತೆ ಖಚಿತಪಡಿಸಿ ಅಂತ. ಜೊತೆಗೆ ಒಂದು ಜಿಪ್ ಫೈಲು, ಅದರ ಪಾಸ್‌ವರ್ಡ್ ಮೇಲ್‌ನಲ್ಲೇ ಬರೆದಿತ್ತು. ಅಪ್ಪ ನಿಜವಾಗಿಯೂ ರಿಟರ್ನ್ ಹಾಕಿ ರೀಫಂಡಿಗೆ ಕಾಯುತ್ತಿದ್ದರು, ನಂಬಿದ್ದಾರೆ. ಜಿಪ್ ಬಿಚ್ಚಿದರೆ ಒಳಗೆ ಪಿಡಿಎಫ್ ಚಿತ್ರ ಇರುವ ಫೈಲು. ಡಬಲ್ ಕ್ಲಿಕ್ ಮಾಡಿದರೆ ಒಂದು ಕಪ್ಪು ವಿಂಡೋ ಮಿಂಚಿ ಮಾಯ. ಇನ್ನೊಂದು ಸಲ ಒತ್ತಿದರು, ಮತ್ತೆ ಅದೇ. ಮೂರನೇ ಸಲ ಆದ ಮೇಲೆ ನನಗೆ ಫೋನು: "ಯಾಕೋ ಪಿಡಿಎಫ್ ತೆಗೀತಿಲ್ಲ ಕಣೋ, ಹೊಸ ಸಾಫ್ಟ್‌ವೇರ್ ಏನಾದರೂ ಹಾಕಬೇಕಾ?"

ನನಗೆ ಎದೆ ಧಸಕ್ ಅಂತು. ಫೋನಿನಲ್ಲೇ ಕೂಗಾಡಿದೆ. ಅವರು ಸುಮ್ನೆ ಇಟ್ಟುಬಿಟ್ಟರು.

ಹತ್ತಿರದ ಅಂಗಡಿಯವನು ಫಾರ್ಮ್ಯಾಟ್ ಮಾಡಿ ಆ್ಯಂಟಿವೈರಸ್ ಹಾಕಿಕೊಡುತ್ತೇನೆ, 2,500 ಆಗುತ್ತದೆ ಅಂದನಂತೆ. ಮಾಡಿಸಲೇಬೇಕಾ? ಆ ಇನ್ನೂರು ಪುಟದ ಗತಿ ಏನು? ಇನ್ನು ಮುಂದೆ ಅವರು ಇಂಥದ್ದು ಒತ್ತದ ಹಾಗೆ ಏನು ಮಾಡುವುದು?

ಪೇಟೆಬೀದಿ ಸರ್ವೀಸ್, ಮಂಡ್ಯ:

ಸಾರ್, ಮಿಕ್ಕಿದ್ದು ಆಮೇಲೆ. ಮೊದಲು ಅಪ್ಪನಿಗೆ ಫೋನ್ ಮಾಡಿ ಇಂಟರ್ನೆಟ್ ವೈರ್ ಕೀಳಿಸಿ, ವೈಫೈ ಆದರೆ ರೂಟರ್ ಸ್ವಿಚ್ಚೇ ಆರಿಸಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕು, ಮೇಲು ಯಾವುದನ್ನೂ ತೆರೆಯಬೇಡಿ ಅನ್ನಿ.

ಮಂಡ್ಯದಲ್ಲಿ ಹದಿನೈದು ವರ್ಷದಿಂದ ಇದೇ ಕೆಲಸ ನನ್ನದು, ಇಂಥ ಕೇಸು ವಾರಕ್ಕೊಂದು ಬರುತ್ತದೆ. ಕಪ್ಪು ವಿಂಡೋ ಮಿಂಚಿತು ಅಂದರೆ ಅದು ಪಿಡಿಎಫ್ ಅಲ್ಲವೇ ಅಲ್ಲ, ಪ್ರೋಗ್ರಾಂ, ಅದು ಓಡಿದೆ. ಅದರ ಪೂರ್ತಿ ಹೆಸರು ರೀಫಂಡ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಅಂತ ಏನೋ ಇರುತ್ತದೆ, ಇಎಕ್ಸ್‌ಇ ಅಂದರೆ ಪ್ರೋಗ್ರಾಂ. ವಿಂಡೋಸ್ ಕೊನೆಯ ಬಾಲವನ್ನು ಮುಚ್ಚಿಟ್ಟು ತೋರಿಸುತ್ತದೆ, ಹಾಗಾಗಿ ಅಪ್ಪನಿಗೆ ಕಂಡಿದ್ದು ರೀಫಂಡ್ ಡಾಟ್ ಪಿಡಿಎಫ್ ಅಷ್ಟೇ. ಇಎಕ್ಸ್‌ಇಗೆ ಮೇಲಿನ ಚಿತ್ರ ಯಾವುದು ಬೇಕಾದರೂ ಅಂಟಿಸಬಹುದು. ಇದು ಹಳೇ ಆಟ. 2000ನೇ ಇಸವಿ ಮೇ ತಿಂಗಳಲ್ಲಿ ಪ್ರಪಂಚ ಪೂರ್ತಿ ಹಬ್ಬಿದ "ಐ ಲವ್ ಯು" ವೈರಸ್ ಬಂದಿದ್ದೂ ಹೀಗೇ. ಡಾಟ್ ಟಿಎಕ್ಸ್‌ಟಿ ಅಂತ ಕಾಣುತ್ತಿತ್ತು, ನಿಜವಾದ ಬಾಲ ಡಾಟ್ ವಿಬಿಎಸ್, ಅದೂ ಒತ್ತಿದರೆ ಓಡುವಂಥದ್ದೇ. ಒತ್ತಿದವರ ಅಡ್ರೆಸ್ ಬುಕ್ಕಿನಲ್ಲಿ ಇದ್ದವರಿಗೆಲ್ಲ ತಾನೇ ಮೇಲ್ ಆಗಿ ಹೋಗುತ್ತಿತ್ತು.

ಪಾಸ್‌ವರ್ಡ್ ಹಾಕಿದ ಜಿಪ್ ಯಾಕೆ ಅಂದರೆ, ಮೇಲ್ ಕಂಪನಿಯ ಸ್ಕ್ಯಾನರ್‌ಗೆ ಬೀಗ ಹಾಕಿದ ಫೈಲಿನ ಒಳಗೆ ಏನಿದೆ ಅಂತ ಓದಲು ಆಗುವುದಿಲ್ಲ. ಬೀಗ ಹಾಕಿ ಕೀಲಿಕೈಯನ್ನೂ ಅದೇ ಲಕೋಟೆಯಲ್ಲಿ ಇಟ್ಟು ಕಳಿಸುವವರು ಯಾರು ಹೇಳಿ? ಕಳ್ಳರು ಮಾತ್ರ.

ಈಗ ಮಾಡಬೇಕಾದ್ದು. ಈ ನಡುವೆ ಇಂಥ ಪ್ರೋಗ್ರಾಂಗಳು ಜಾಸ್ತಿ ಕದಿಯುವುದು ಬ್ರೌಸರಿನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡುಗಳನ್ನು, ಜೊತೆಗೆ ಲಾಗಿನ್ ಆಗಿಯೇ ಇರುವ ಗುರುತನ್ನೂ. ಹಾಗಾಗಿ ಪಾಸ್‌ವರ್ಡ್ ಬದಲಾಯಿಸಿದರೆ ಸಾಲದು, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಬೇಕು. ಅದೂ ಬೇರೆ ಫೋನಿನಿಂದ, ಆ ಕಂಪ್ಯೂಟರಿನಿಂದ ಅಲ್ಲ. ಮೊದಲು ಇಮೇಲ್, ಆಮೇಲೆ ಬ್ಯಾಂಕು. ಯಾಕೆಂದರೆ ಮಿಕ್ಕ ಎಷ್ಟೋ ಕಡೆ ಪಾಸ್‌ವರ್ಡ್ ಮರೆತರೆ ರೀಸೆಟ್ ಬರುವುದು ಇಮೇಲಿಗೇ. ಅದು ಕಳ್ಳರ ಕೈಲಿದ್ದರೆ ಮನೆ ಬೀಗ ಬದಲಾಯಿಸಿ ಏನು ಪ್ರಯೋಜನ. ಎರಡು ಹಂತದ ಪರಿಶೀಲನೆಯನ್ನೂ ಹಾಗೇ ಆನ್ ಮಾಡಿಬಿಡಿ. ಜಿಮೇಲ್ ಸೆಟ್ಟಿಂಗ್ಸ್ ಒಳಗೆ ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ನೋಡಿ. ಗೊತ್ತಿಲ್ಲದ ವಿಳಾಸಕ್ಕೆ ಮೇಲ್ ಹೋಗುವ ಹಾಗೆ ಮಾಡಿಟ್ಟಿರುತ್ತಾರೆ, ತುಂಬಾ ಜನ ಅಲ್ಲಿ ನೋಡುವುದೇ ಇಲ್ಲ.

ಫಾರ್ಮ್ಯಾಟ್ ಬಗ್ಗೆ: ಪ್ರೋಗ್ರಾಂ ಓಡಿದೆ ಅಂತ ಖಾತ್ರಿ ಆದ ಮೇಲೆ ನಾನಾದರೆ ಮಾಡೇ ಮಾಡುತ್ತೇನೆ. ಅದಕ್ಕೂ ಮೊದಲು ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ, ಅದು ಓಡಲಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಎದ್ದೇಳುವ ಮುಂಚೆಯೇ ಹುಡುಕುತ್ತದೆ, ಸುಮಾರು ಕಾಲು ಗಂಟೆ. ಆಮೇಲೆ ನುಡಿ ಫೈಲು, ಫೋಟೋ ಮಾತ್ರ ಕಾಪಿ ಮಾಡಿಕೊಳ್ಳಿ, ಪ್ರೋಗ್ರಾಂ ಯಾವುದನ್ನೂ ಬೇಡ. ಇನ್ನೂರು ಪುಟ ಬಹುಶಃ ಎಲ್ಲೂ ಹೋಗಿರುವುದಿಲ್ಲ. ಫೈಲುಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಆಗಿದ್ದಿದ್ದರೆ ಸಾಮಾನ್ಯವಾಗಿ ಇಷ್ಟೊತ್ತಿಗೆ ಸ್ಕ್ರೀನಿನ ಮೇಲೇ ಬರುತ್ತಿತ್ತು.

ಆ್ಯಂಟಿವೈರಸ್ಸಿಗೆ ದುಡ್ಡು ಕೊಡುವುದು ನಿಮ್ಮಿಷ್ಟ. ಮನೆ ಬಳಕೆಗೆ ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು ಅಂತ ನನ್ನ ಅಭಿಪ್ರಾಯ. ಅಂಗಡಿಯವನು ಹೊಸ ವಿಂಡೋಸ್ ಹಾಕುವಾಗ ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಓಡಿಸುವ ಕಳ್ಳ ಪ್ರೋಗ್ರಾಂ) ಹಾಕಿ, ಅದಕ್ಕೋಸ್ಕರ ಡಿಫೆಂಡರ್ ಆಫ್ ಮಾಡಿ ಕೊಡುತ್ತಾನಾ ಅಂತ ಮಾತ್ರ ನೋಡಿಕೊಳ್ಳಿ. ನನ್ನ ಕಸುಬಿನವರ ಬಗ್ಗೆ ನಾನೇ ಹೇಳಬಾರದು, ಆದರೂ ಹೇಳುತ್ತಿದ್ದೇನೆ.

ಪೆಂಗ್ವಿನ್ ಪ್ರೇಮಿ:

ವಿಂಡೋಸ್ ತೆಗೆದು ಅದರ ಜಾಗಕ್ಕೆ ಉಬುಂಟು ಲಿನಕ್ಸ್ ಹಾಕಿಕೊಡಿ, ಇಎಕ್ಸ್‌ಇ ಒತ್ತಿದರೂ ಏನೂ ಆಗುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿದಿದೆ. 2017ರ ಮಷೀನು ಅಂದರೆ ವಿಂಡೋಸ್ 11 ಹಿಡಿಯುವುದೂ ಅನುಮಾನ, ಅದಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ತಲೆಮಾರಿನದ್ದು ಬೇಕು.

ಪೇಟೆಬೀದಿ ಸರ್ವೀಸ್, ಮಂಡ್ಯ:

ಸಪೋರ್ಟ್ ಮಾತು ನಿಜ ಗುರುಗಳೇ, ನಾನು ಹೇಳುವುದು ಮರೆತೆ. ಆದರೆ 71ರ ಮೇಷ್ಟ್ರಿಗೆ ರಾತ್ರೋರಾತ್ರಿ ಉಬುಂಟು ಕೊಟ್ಟರೆ ಹಳೇ ನುಡಿ ಫೈಲು ತೆರೆದಾಗ ಫಾಂಟ್ ಸಿಗದೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿ ನಿಂತಿರುತ್ತದೆ, ಆವಾಗ ಇವರಿಗೆ ದಿನಕ್ಕೆ ಹತ್ತು ಫೋನು. ಮೋಸದ ವೆಬ್‌ಸೈಟಿನಲ್ಲಿ ಪಾಸ್‌ವರ್ಡ್ ಬರೆದರೆ ಉಬುಂಟು ತಡೆಯುವುದಿಲ್ಲ ಅಲ್ವಾ? ಸದ್ಯಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು ಮನೆ ಬಳಕೆದಾರರಿಗೆ ಕೊಡುವ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗೆ ಸೇರಿಸಿ, ಹಂಗೇ ಹೊಸ ಮಷೀನಿಗೆ ದುಡ್ಡು ಕೂಡಿಡಿ.

ಸರಸ್ವತಿಪುರಂ ಸೊಸೆ:

ತಾಂತ್ರಿಕ ವಿಷಯ ಅಣ್ಣ ಹೇಳಿದ್ದಾರೆ. ನಾನು ಆ ಕೂಗಾಟದ ಬಗ್ಗೆ ಮಾತ್ರ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತೆಗೆ ಹೋದ ವರ್ಷ ಒಂದು ಮೆಸೇಜ್ ಬಂತು. ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿ 9.30ಕ್ಕೆ ಲೈನ್ ಕಟ್ ಮಾಡುತ್ತೇವೆ, ಈ ನಂಬರಿಗೆ ಫೋನ್ ಮಾಡಿ ಅಂತ. ಅದೂ ಯಾವುದೋ ಹತ್ತು ಅಂಕಿಯ ಮೊಬೈಲ್ ನಂಬರು. ಅತ್ತೆ ಫೋನ್ ಮಾಡಿದರು. ಆ ಕಡೆಯವನು ಹಿಂದಿ ಬೆರೆಸಿದ ಕನ್ನಡದಲ್ಲಿ ತುಂಬಾ ಮರ್ಯಾದೆಯಿಂದ ಮಾತಾಡಿ, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಒಂದನ್ನು ಹಾಕಿಸಿ, "ಅಮ್ಮ, ಹತ್ತು ರೂಪಾಯಿ ಮಾತ್ರ ಕಟ್ಟಿ, ಅಪ್‌ಡೇಟ್ ಆಗುತ್ತದೆ" ಅಂದ. ಹತ್ತು ರೂಪಾಯಿ ಕಟ್ಟುವಾಗ ಪಿನ್ ಒತ್ತಿದ್ದು, ಬಂದ ಓಟಿಪಿ ಎಲ್ಲ ಅವನಿಗೆ ಕಾಣುತ್ತಿತ್ತು. 38,000 ಹೋಯಿತು. ಅವತ್ತು ಮನೆಯಲ್ಲಿ ಎಲ್ಲರೂ ಸೇರಿ ಅತ್ತೆಗೆ ಬೈದೆವು. ನಾನೂ ಬೈದೆ.

ಆಮೇಲೆ ಆಗಿದ್ದು ಏನು ಗೊತ್ತಾ? ಮೂರು ತಿಂಗಳ ನಂತರ ಇನ್ನೊಂದು ಬಂದಿದೆ, ಪಾರ್ಸೆಲ್ ಹೆಸರಿನಲ್ಲಿ. ಅತ್ತೆ ಲಿಂಕ್ ಒತ್ತಿ ಕಾರ್ಡ್ ನಂಬರ್ ಬರೆದಿದ್ದಾರೆ, ಅನುಮಾನ ಬಂದಿದೆ, ಆದರೆ ಮತ್ತೆ ಬೈಯುತ್ತಾರೆ ಅಂತ ಯಾರಿಗೂ ಹೇಳದೆ ಎರಡು ದಿನ ಊಟ ಸರಿಯಾಗಿ ಮಾಡದೆ ಕೂತಿದ್ದರು. ಆ ಎರಡು ದಿನದಲ್ಲೇ ದುಡ್ಡು ಹೋಗಿದ್ದು. ಮೊದಲನೇ ಸಲ ಅರ್ಧ ಗಂಟೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಕ್ಕೆ ಸ್ವಲ್ಪ ದುಡ್ಡು ಮುಂದಿನ ಖಾತೆಯಲ್ಲೇ ತಡೆದು ನಿಲ್ಲಿಸಿದ್ದರು. ಎರಡನೇ ಸಲ ಏನೂ ಉಳಿಯಲಿಲ್ಲ.

ರಿಸರ್ವ್ ಬ್ಯಾಂಕಿನ 2017ರ ನಿಯಮವೂ ಹೀಗೇ ಇದೆ. ತಪ್ಪು ನಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ನಡುವೆ ಯಾರೋ ಮಾಡಿದ್ದು ಅಂದರೆ, ಬ್ಯಾಂಕಿನಿಂದ ಮೆಸೇಜ್ ಬಂದ ಮೂರು ವರ್ಕಿಂಗ್ ಡೇ ಒಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬರುವುದಿಲ್ಲ. ನಾವೇ ಓಟಿಪಿ ಹೇಳಿದ್ದರೆ, ತಿಳಿಸುವ ತನಕ ಹೋದದ್ದು ನಮ್ಮದೇ. ತಿಳಿಸಿದ ಮೇಲೆ ಹೋದರೆ ಬ್ಯಾಂಕಿನ ತಲೆಗೆ. ಅಂದರೆ ಎಲ್ಲ ನಿಂತಿರುವುದು ಎಷ್ಟು ಬೇಗ ಬಾಯಿ ಬಿಟ್ಟರು ಅನ್ನುವುದರ ಮೇಲೆ. ಬೈಸಿಕೊಂಡವರು ಬಾಯಿ ಬಿಡುತ್ತಾರಾ?

ನಿಮ್ಮ ಅಪ್ಪ ಮೂರು ಸಲ ಒತ್ತಿದ್ದು ದೊಡ್ಡದಲ್ಲ, ತಾವಾಗೇ ನಿಮಗೆ ಫೋನ್ ಮಾಡಿದರಲ್ಲ, ಅದು ದೊಡ್ಡದು. ಇವತ್ತೇ ಫೋನ್ ಮಾಡಿ ಸಾರಿ ಕೇಳಿ. ನಾವು ಈಗ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ದುಡ್ಡು, ದಂಡ, ಬಹುಮಾನ, ಅರೆಸ್ಟ್, ಈ ನಾಲ್ಕರಲ್ಲಿ ಒಂದು ಮಾತು ಇದ್ದರೂ ಅತ್ತೆ ಅದನ್ನು ನನಗೆ ಜೋರಾಗಿ ಓದಿ ಹೇಳಬೇಕು. ಓದುತ್ತಾ ಓದುತ್ತಾ ಅವರಿಗೇ ನಗು ಬರುತ್ತದೆ. "ಡಿಯರ್ ಕಸ್ಟಮರ್ ಅಂತೆ, ನನ್ನ ಹೆಸರೇ ಗೊತ್ತಿಲ್ಲ ಇವನಿಗೆ" ಅಂತಾರೆ.

ಮದ್ದೂರು ವಡೆ:

ನಮ್ಮ ಊರ ಕಡೆ ಈಗ ಇದು ವಾಟ್ಸಾಪಿನಲ್ಲಿ. ಪಿಎಂ ಕಿಸಾನ್ ಅಂತ ಒಂದು ಎಪಿಕೆ ಫೈಲು (ಒತ್ತಿದರೆ ಫೋನಿಗೆ ಆ್ಯಪ್ ಹಾಕುವಂಥದ್ದು) ಊರ ಗ್ರೂಪಿಗೆ ಬಂತು, ಕಳಿಸಿದ್ದು ಪರಿಚಯದವರೇ, ಡೈರಿಗೆ ಹಾಲು ಹಾಕಲು ದಿನಾ ಸಿಗುವ ಮನುಷ್ಯ. ಎಲ್ಲರೂ ನಂಬಿದರು. ಆ ಯಪ್ಪ ಕಳಿಸಿರಲೇ ಇಲ್ಲ, ಅವರ ಫೋನಿಗೆ ಹೊಕ್ಕಿದ್ದು ತಾನೇ ಕಳಿಸಿತ್ತು. ಗೊತ್ತಿರುವವರಿಂದ ಬಂತು ಅಂತ ತೆರೆಯಬೇಡಿ, ಒಂದು ಫೋನ್ ಮಾಡಿ "ನೀವೇ ಕಳಿಸಿದ್ದಾ?" ಅಂತ ಕೇಳಿದರೆ ಗಂಟೇನೂ ಹೋಗುವುದಿಲ್ಲ. ದುಡ್ಡು ಹೋಗಿಬಿಟ್ಟರೆ 1930, ಆಮೇಲೆ ಮೈಸೂರಾಗಲಿ ಮಂಡ್ಯವಾಗಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ, ಅಲ್ಲಿಗೆ.

ಲೆಕ್ಕದ ಪುಸ್ತಕ, ಮೈಸೂರು:

ಟ್ಯಾಕ್ಸ್ ಕೆಲಸ ಮಾಡುವವನಾಗಿ ಒಂದು ಮಾತು. ನಿಮ್ಮ ತಂದೆ ನಂಬಿದ್ದರಲ್ಲಿ ಆಶ್ಚರ್ಯ ಇಲ್ಲ. ರಿಟರ್ನ್ ಪರಿಶೀಲಿಸಿದ ಮೇಲೆ ಇಲಾಖೆಯಿಂದ ಬರುವ ಅಸಲಿ 143(1) ಪತ್ರವೂ ಪಾಸ್‌ವರ್ಡ್ ಹಾಕಿದ ಫೈಲಾಗೇ ಬರುತ್ತದೆ. ಆದರೆ ಅದು ಪಿಡಿಎಫ್. ಅದರ ಪಾಸ್‌ವರ್ಡ್ ನಿಮ್ಮ ಪ್ಯಾನ್ ಸಣ್ಣಕ್ಷರದಲ್ಲಿ, ಪಕ್ಕದಲ್ಲಿ ಹುಟ್ಟಿದ ತಾರೀಖು. ಅಂದರೆ ನಿಮಗೆ ಗೊತ್ತಿರುವುದೇ. ರೀಫಂಡ್ ಹಣ ಪೋರ್ಟಲಿನಲ್ಲಿ ನೀವು ಮೊದಲೇ ವ್ಯಾಲಿಡೇಟ್ ಮಾಡಿಟ್ಟ ಖಾತೆಗೆ ತಾನಾಗೇ ಬೀಳುತ್ತದೆ, ಅದಕ್ಕೆ ಮೇಲ್‌ನಲ್ಲಿ ಯಾವುದನ್ನೂ ಒತ್ತಬೇಕಾಗಿಲ್ಲ. ಅನುಮಾನ ಬಂದರೆ ಮೇಲ್ ಮುಚ್ಚಿ, ಬ್ರೌಸರಿನಲ್ಲಿ ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್ ಅಂತ ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ. ಜಿಒವಿ ಡಾಟ್ ಇನ್ ಸರ್ಕಾರಿ ಕಚೇರಿಗಳಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಬ್ಯಾಂಕುಗಳಿಗೂ ಈಗ ರಿಸರ್ವ್ ಬ್ಯಾಂಕು "ಬ್ಯಾಂಕ್ ಡಾಟ್ ಇನ್" ಅಂತ ಬೇರೆಯೇ ಕೊನೆ ಕೊಟ್ಟಿದೆ. ವೆಬ್‌ಸೈಟಿನ ಹೆಸರನ್ನು, ಅಂದರೆ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ (/) ಬರುವ ತನಕದ ಭಾಗವನ್ನು, ಬಲಗಡೆಯಿಂದ ಓದುವ ಅಭ್ಯಾಸ ಮಾಡಿಸಿ. ಎಡಗಡೆ ಏನು ಬೇಕಾದರೂ ಬರೆಯಬಹುದು, ಯಾರ ಸ್ವತ್ತು ಅಂತ ಗೊತ್ತಾಗುವುದು ಆ ಹೆಸರಿನ ಕೊನೆಯಲ್ಲಿ.

ಕುವೆಂಪುನಗರ ಕಾರ್ನರ್:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಮೈಸೂರಿಗೆ ಹೋಗಿದ್ದೆ. ಮೊದಲು ಸಾರಿ ಕೇಳಿದೆ. "ಇರಲಿ ಬಿಡೋ, ನಾನೂ ಮೂವತ್ತು ವರ್ಷ ಮಕ್ಕಳ ಮೇಲೆ ಕೂಗಾಡಿದವನೇ" ಅಂದರು.

ಜಿಮೇಲ್ ಒಳಗೆ ನೋಡಿದರೆ ಪೇಟೆಬೀದಿ ಅಣ್ಣ ಹೇಳಿದ ಹಾಗೇ ಒಂದು ಫಿಲ್ಟರ್ ಕೂತಿತ್ತು, ಬ್ಯಾಂಕ್ ಅನ್ನುವ ಪದ ಇರುವ ಮೇಲ್ ಎಲ್ಲ ನೇರ ಕಸದ ಬುಟ್ಟಿಗೆ. ಅಂದರೆ ದುಡ್ಡು ಹೋದರೂ ಅಪ್ಪನಿಗೆ ಮೇಲ್ ಕಾಣದ ಹಾಗೆ. ಮೈ ಜುಮ್ಮೆಂದಿತು. ತೆಗೆದೆ, ಪಾಸ್‌ವರ್ಡ್ ಎಲ್ಲ ಬದಲಾಯಿಸಿದೆ. ಖಾತೆಯಲ್ಲಿ ದುಡ್ಡು ಹಾಗೇ ಇದೆ. ವಿಂಡೋಸ್ ನಾನೇ ಹೊಸದಾಗಿ ಹಾಕಿದೆ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ವ್ಯೂ ಒತ್ತಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನುವುದಕ್ಕೆ ಟಿಕ್ ಹಾಕಿ, ಬಾಲ ಅಂದರೆ ಏನು ಅಂತ ಅಪ್ಪನಿಗೆ ತೋರಿಸಿದೆ. ಅದು ಅವರಿಗೆ ಭಾರೀ ಇಷ್ಟವಾಯಿತು, ಅರ್ಧ ಗಂಟೆ ಕೂತು ಎಲ್ಲ ಫೈಲಿನ ಬಾಲ ಓದಿದರು. ಇನ್ನೂರ ಹದಿನಾಲ್ಕು ಪುಟ ಭದ್ರ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕ್ ಕಿತ್ತು ಬೀರುವಿನಲ್ಲಿ ಇಟ್ಟಿದ್ದೇವೆ, ಚುಚ್ಚಿಯೇ ಬಿಟ್ಟರೆ ವೈರಸ್ ಅದಕ್ಕೂ ಹೋಗುತ್ತದೆ ಅಂತ ಓದಿದ್ದೆ. ಭಾನುವಾರ ಭಾನುವಾರ ತೆಗೆದು ಕಾಪಿ ಮಾಡುವುದು ಅಮ್ಮನ ಜವಾಬ್ದಾರಿ.

ಒಂದೇ ತೊಂದರೆ. ನಿನ್ನೆ ನಾನು ಮಗಳ ಶಾಲೆಯ ಫೋಟೋ ಮೇಲ್ ಮಾಡಿದ್ದೆ. ಐದು ನಿಮಿಷಕ್ಕೆ ಫೋನ್ ಬಂತು. "ಜೆಪಿಜಿ ಅಂತ ಬಾಲ ಇದೆ, ನೀನೇ ಕಳಿಸಿದ್ದಾ?" ಹೌದಪ್ಪ ಅಂದೆ. "ಸರಿ, ಅವಳು ಹೋದ ಸಲ ಬಂದಾಗ ನನ್ನ ಕನ್ನಡಕ ಎಲ್ಲಿ ಬಚ್ಚಿಟ್ಟಿದ್ದಳು ಹೇಳು" ಅಂದರು. ನನಗೆ ಗೊತ್ತಿರಲಿಲ್ಲ. ಫೋಟೋ ಇನ್ನೂ ತೆರೆದಿಲ್ಲ.