ಸೊಂಟದ ಕೀಲು ಬದಲಿಸಿದ ಅವ್ವನನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ (ಜಗಳೂರು ಕಡೆಯಿಂದ): ಮೇಡಂ, ನಮ್ಮವ್ವನಿಗೆ 68 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದಿತ್ತು. ದಾವಣಗೆರೆಯಲ್ಲಿ ಸೊಂಟದ ಕೀಲು ಬದಲಿಸಿದರು, ಹಿಂದಿನಿಂದ ಕೊಯ್ದು. ಈಗ ಮನೆಗೆ ಬಂದಿದ್ದಾರೆ. ನೆಂಟರೆಲ್ಲ ಏಳಿಸಲೇಬೇಡಿ ಅಂತಾರೆ, ಅವ್ವ ನೋಡಿದರೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತೇನೆ ಅಂತ ಹಠ. ಯಾರ ಮಾತು ಕೇಳಲಿ?

ಉತ್ತರ (ಫಿಸಿಯೋಥೆರಪಿಸ್ಟ್): ಎರಡೂ ಬೇಡಮ್ಮ. ಮಲಗಿಸೇ ಇಟ್ಟರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬೆನ್ನಲ್ಲಿ ಹುಣ್ಣಾಗಬಹುದು. ಕಾಲಿನ ಮೇಲೆ ಭಾರ ಹಾಕಬಹುದು ಅಂತ ಡಾಕ್ಟರು ಹೇಳಿದ್ದರೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನಡೆಸಿ. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಇನ್ನೊಂದು.

ನೆಲದ ಮೇಲೆ ಕೂರುವುದು ಮಾತ್ರ ಬೇಡವೇ ಬೇಡ. ಸೊಂಟ 90 ಡಿಗ್ರಿಗಿಂತ ಜಾಸ್ತಿ ಮಡಚಿದರೆ, ಕಾಲ ಮೇಲೆ ಕಾಲು ಹಾಕಿದರೆ, ಪಾದ ಒಳಕ್ಕೆ ತಿರುಗಿದರೆ ಹೊಸ ಕೀಲು ಜಾರಬಹುದು. ಸಾಮಾನ್ಯವಾಗಿ 6ರಿಂದ 12 ವಾರ ಈ ಎಚ್ಚರ ಬೇಕು, ನಿಮ್ಮ ಡಾಕ್ಟರನ್ನೂ ಕೇಳಿಕೊಳ್ಳಿ. ಮನೆಯಲ್ಲಿ ಮೊದಲು ಎತ್ತರ ಸರಿಮಾಡಿ: ಎಲ್ಲಿ ಕೂತರೂ ಮೊಣಕಾಲು ಸೊಂಟಕ್ಕಿಂತ ಕೆಳಗಿರಬೇಕು. ಮಂಚ ತಗ್ಗಿದ್ದರೆ ಕಾಲುಗಳಿಗೆ ಗಟ್ಟಿ ಮರದ ತುಂಡು ಕೊಡಿ, ಅಲುಗಾಡಬಾರದು. ಸಂಡಾಸಿಗೆ ಕಮೋಡ್ ಕುರ್ಚಿ ತನ್ನಿ, ದಾವಣಗೆರೆಯ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ರಾತ್ರಿ ಕಾಲುಗಳ ನಡುವೆ ದಿಂಬಿಡಿ.

ಎಲ್ಲರೂ ಎಡವುವುದು ಸಣ್ಣ ಕೆಲಸಗಳಲ್ಲಿ. ಕೆಳಗೆ ಬಿದ್ದ ಟವೆಲ್ ಬಗ್ಗಿ ಎತ್ತುತ್ತಾರೆ, ಮಂಚದ ಮೇಲೆ ಕೂತು ಕಾಲ ಹತ್ತಿರದ ಹೊದಿಕೆಯನ್ನು ಮುಂದೆ ಬಾಗಿ ಎಳೆದುಕೊಳ್ಳುತ್ತಾರೆ, ಸೊಂಟ ಪೂರ್ತಿ ಮಡಚಿದ್ದು ಅವರಿಗೇ ಗೊತ್ತಾಗುವುದಿಲ್ಲ. ಹೊದಿಕೆ ನೀವೇ ಹೊದಿಸಿ. ರೊಟ್ಟಿ ವಿಷಯಕ್ಕೆ ಬೈಯಬೇಡಿ, ಪಾಪ. ಕೈ ಇರುವ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೇಜಿನ ಮೇಲೆ ಹಿಟ್ಟು ನಾದಲು ಕೊಡಿ. ಕೆಲಸವೇ ಇಲ್ಲದಿದ್ದರೆ ಈ ವಯಸ್ಸಿನವರು ಬೇಗ ಕುಗ್ಗಿಹೋಗುತ್ತಾರೆ.

ಪ್ರಶ್ನೆ: ಆಯ್ತು ಮೇಡಂ. ಇನ್ನೊಂದು, ನಿನ್ನೆಯಿಂದ ಆ ಕಾಲಿನ ಮೀನಖಂಡ ಊದಿದೆ, ಮುಟ್ಟಿದರೆ ನೋವು ಅಂತಾರೆ. ಎಣ್ಣೆ ಹಚ್ಚಿ ತಿಕ್ಕಬಹುದಾ?

ಉತ್ತರ: ತಿಕ್ಕಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ತೋರಿಸುವ ಪರೀಕ್ಷೆ) ಮಾಡಿ ನೋಡಬೇಕಾಗುತ್ತದೆ. ಈಗಲೇ ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ ಹೊರಡಿ. ರಕ್ತ ತೆಳು ಮಾಡುವ ಮಾತ್ರೆ ಬರೆದುಕೊಟ್ಟಿದ್ದರೆ ತಪ್ಪಿಸಬೇಡಿ. ಎದೆನೋವು, ಏದುಸಿರು ಬಂದರೆ ತಕ್ಷಣ 108ಕ್ಕೆ ಕರೆಮಾಡಿ. ಅದೇನೂ ಇಲ್ಲದಿದ್ದರೆ ಕಾರಲ್ಲಿ ಕರೆದೊಯ್ಯಿರಿ, ಆಟೋ ಬೇಡ, ಕುಲುಕಾಟ ಜಾಸ್ತಿ. ಕಾರಿನ ಮುಂದಿನ ಸೀಟು ಹಿಂದಕ್ಕೆ ಸರಿಸಿ, ಗಟ್ಟಿ ದಿಂಬು ಹಾಕಿ, ಮೊದಲು ಅವ್ವನನ್ನು ಕೂರಿಸಿ, ಆಮೇಲೆ ಕಾಲುಗಳನ್ನು ನಿಧಾನ ಒಳಗೆ ತನ್ನಿ. ತೋರಿಸಿದ ಮೇಲೆ ಏನಂದರು ಅಂತ ಇಲ್ಲಿ ಬರೆಯಿರಿ.