ಎಣ್ಣೆಯ ನಾಡಿಗೆ ಸೌರವಿದ್ಯುತ್ ಏಕೆ?

ಪ್ರಶ್ನೆ: ನಮಸ್ಕಾರ. ಮಂಗಳೂರಿನವನಾದ ನಾನು ಹನ್ನೊಂದು ವರ್ಷಗಳಿಂದ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿದ್ದೇನೆ. ಇಷ್ಟೊಂದು ತೈಲವಿರುವ ದೇಶ ಸೌರವಿದ್ಯುತ್ತಿಗೆ ಹಣ ಹೂಡುತ್ತಿರುವುದು ಪರಿಸರದ ಕಾಳಜಿಯಿಂದಲೋ, ಲಾಭದ ಲೆಕ್ಕದಿಂದಲೋ? ಶಕ್ತಿ ಅರ್ಥಶಾಸ್ತ್ರ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಮಸ್ಕಾರ. ನನ್ನ ದೃಷ್ಟಿಯಲ್ಲಿ ಬಹುಪಾಲು ಲೆಕ್ಕವೇ. ಬೇಸಿಗೆಯಲ್ಲಿ ಎ.ಸಿ.ಗಳ ಬಳಕೆ ಏರಿದಾಗ ಅಲ್ಲಿನ ಹಲವು ಸ್ಥಾವರಗಳು ಕಚ್ಚಾತೈಲವನ್ನೇ ಉರಿಸುತ್ತವೆ. ಒಂದು ಬ್ಯಾರೆಲ್‌ನಲ್ಲಿ ಸುಮಾರು 1,700 ಯೂನಿಟ್‌ನಷ್ಟು ಶಾಖಶಕ್ತಿ ಇದ್ದರೂ, ಹಬೆ ಸ್ಥಾವರವು ಅದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿ ಮಾರ್ಪಡಿಸುವುದರಿಂದ, ಕೈಗೆ ಸಿಗುವುದು ಹೆಚ್ಚುಕಡಿಮೆ 600 ಯೂನಿಟ್. ಅದೇ ಬ್ಯಾರೆಲ್ಲನ್ನು 70 ಡಾಲರಿಗೆ ರಫ್ತು ಮಾಡಬಹುದಿತ್ತು ಎಂದುಕೊಂಡರೆ, ಯೂನಿಟ್ಟಿಗೆ ಇಂಧನದ ಬಾಬ್ತೇ 11 ಸೆಂಟ್ ದಾಟುತ್ತದೆ. ಆದರೆ ಸೌದಿಯದೇ ಸಕಾಕಾದ 300 ಮೆಗಾವಾಟ್ ಸೌರ ಸ್ಥಾವರಕ್ಕೆ 2018ರಲ್ಲಿ ನಿಗದಿಯಾದ ದರ ಯೂನಿಟ್ಟಿಗೆ 2.34 ಸೆಂಟ್, 2021ರಲ್ಲಿ ಅಲ್ಲಿನ ಶುಐಬಾ ಸೌರ ಯೋಜನೆಯ ದರ 1.04 ಸೆಂಟಿಗೆ ಇಳಿಯಿತು. ತೈಲ ರಫ್ತು ದೇಶಗಳ ಒಕ್ಕೂಟವಾದ ಒಪೆಕ್ ಮಿತಿ ಹೇರುವುದು ಉತ್ಪಾದನೆಯ ಮೇಲೆ. ಹೀಗಾಗಿ ದೇಶದೊಳಗೆ ಉರಿಸದೆ ಉಳಿಸಿದ ತೈಲವನ್ನು ಮಿತಿ ಮೀರದೆಯೇ ಹೊರಗೆ ಮಾರಬಹುದು.

ಆದರೂ ಈ ಬದಲಾವಣೆ ಬೇಗನೆ ಆಗಲಿಲ್ಲ. ವಿದ್ಯುತ್ ಸ್ಥಾವರಗಳಿಗೆ ಸರ್ಕಾರ ತೈಲವನ್ನು ಅತಿ ಅಗ್ಗದ ದರದಲ್ಲಿ ಕೊಡುತ್ತಾ ಬಂದದ್ದರಿಂದ, ಕೈತಪ್ಪಿದ ರಫ್ತಿನ ಹಣ ಯಾರ ಬಿಲ್ಲಿನಲ್ಲಿಯೂ ಕಾಣುತ್ತಿರಲಿಲ್ಲ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಹಾಗಾದರೆ ಬಿಸಿಲೂ ತೈಲವೂ ಇರುವ ನೈಜೀರಿಯಾಕ್ಕೆ ಈ ದರ ಏಕೆ ಸಿಗುವುದಿಲ್ಲ ಸರ್?

ಉತ್ತರ: ಸೌರ ಸ್ಥಾವರಕ್ಕೆ ಇಂಧನದ ಖರ್ಚಿಲ್ಲ, ಹಣವೆಲ್ಲ ಆರಂಭದಲ್ಲೇ ಬೇಕು. ಆದ್ದರಿಂದ ಬಿಸಿಲಿಗಿಂತ ಬಡ್ಡಿಯೇ ದರವನ್ನು ನಿರ್ಧರಿಸುತ್ತದೆ. ಸೌದಿ ರಿಯಾಲ್ 1986ರಿಂದ ಡಾಲರಿಗೆ 3.75ರಲ್ಲೇ ನಿಂತಿರುವುದರಿಂದ, ಸಾಲ ಕೊಡುವವರಿಗೆ ಕರೆನ್ಸಿಯ ಭಯವಿಲ್ಲ. ನೈಜೀರಿಯಾದಲ್ಲಿ ಡಾಲರಿನಲ್ಲಿ ಸಾಲ ಪಡೆದು ನೈರಾದಲ್ಲಿ ಆದಾಯ ಎಣಿಸುವ ಹೂಡಿಕೆದಾರನಿಗೆ, 2023ರ ಜೂನ್‌ನಲ್ಲಿ ಆ ನಾಣ್ಯ ಕುಸಿದಾಗ ಸಾಲದ ಹೊರೆಯೇ ಹಿಗ್ಗಿತು.

ಅದೇ ವರ್ಷದ ಮೇ ಕೊನೆಯಲ್ಲಿ ಅಲ್ಲಿ ಪೆಟ್ರೋಲ್ ಸಬ್ಸಿಡಿ ರದ್ದಾಯಿತು. ಜನರೇಟರ್ ನಡೆಸುವುದು ದುಬಾರಿಯಾಗಿ, ಕೈಯಲ್ಲಿ ಹಣವಿದ್ದ ಮನೆ ಅಂಗಡಿಗಳವರು ಸೌರ ಫಲಕಗಳತ್ತ ಹೊರಳಿದರು. ಬೆಲೆ ಕಣ್ಣಿಗೆ ಕಂಡೊಡನೆ ಜನ ಬದಲಾಗುತ್ತಾರೆ ಎನ್ನುವುದಕ್ಕೆ ಇದು ಸಾಕ್ಷಿಯೇ ಸರಿ. ಆದರೆ ತೈಲ ಸಂಪತ್ತಿನಲ್ಲಿ ಬಡವರಿಗೆ ನೇರವಾಗಿ ತಲುಪುತ್ತಿದ್ದ ಪಾಲು ಬಹುಮಟ್ಟಿಗೆ ಆ ಅಗ್ಗದ ಪೆಟ್ರೋಲ್ ಒಂದೇ. ಫಲಕ ಕೊಳ್ಳಲು ಕಡಿಮೆ ಬಡ್ಡಿಯ ಸಾಲವನ್ನು ಮೊದಲು ಒದಗಿಸಿ ಆನಂತರ ಸಬ್ಸಿಡಿಯನ್ನು ಹಿಂಪಡೆಯಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.