ಹಾಡು ಬಿಟ್ಟು ಹಿನ್ನೆಲೆ ಸಂಗೀತ ಮಾತ್ರ ಕೇಳೋದು, ಹೋಲಿಸೋದು ಹೇಗೆ? ನಿಮ್ಮ ಅನುಭವ ಹೇಳಿ

ಹಾಸನದಿಂದ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವು ಐದಾರು ಜನ ಗೆಳತಿಯರು ಆಗಾಗ ಒಬ್ಬರ ಮನೆಯಲ್ಲಿ ಸೇರಿ ಸಿನಿಮಾ ನೋಡ್ತೀವಿ. ಮುಂದಿನ ಸಲದಿಂದ ಹಿನ್ನೆಲೆ ಸಂಗೀತವನ್ನೇ ಗಮನಿಸಿ ನೋಡೋಣ, ಯಾರ ಕೆಲಸ ಹೇಗಿದೆ ಅಂತ ಹೋಲಿಸಿ ಮಾತಾಡೋಣ ಅಂತ ಆಸೆ. ಆದ್ರೆ ಮಾತು ಶುರುವಾದ ಎರಡೇ ನಿಮಿಷಕ್ಕೆ ಹಾಡಿನ ಕಡೆ ಹೋಗಿಬಿಡುತ್ತೆ. "ಬಿಜಿಎಂ ಸೂಪರ್" ಅಂದ ಮೇಲೆ ಮುಂದಕ್ಕೆ ಏನು ಹೇಳಬೇಕು ಅಂತಲೇ ತೋಚಲ್ಲ. ನಮ್ಮಲ್ಲಿ ಯಾರಿಗೂ ಸಂಗೀತ ಪಾಠ ಆಗಿಲ್ಲ. ಕನ್ನಡ ಚಿತ್ರಗಳೇ ಆಗಬೇಕು. ಯಾವುದರಿಂದ ಶುರು ಮಾಡೋದು? ಹೇಗೆ ಕೇಳೋದು? ನೀವು ಹೇಗೆ ಕಲಿತಿರಿ?

ಶಿವಮೊಗ್ಗದಿಂದ:

ಹಾಡೇ ಇಲ್ಲದ ಚಿತ್ರದಿಂದ ಶುರು ಮಾಡಿ. ಯಾರು ಕೇಳಿದರೂ ನಾನು ಮೊದಲು ಹೇಳೋದು ಇದನ್ನೇ. ಹಾಡು ಇದೆ ಅಂತ ಗೊತ್ತಿದ್ದರೆ ಕಿವಿ ಅದಕ್ಕೇ ಕಾಯ್ತಾ ಕೂರುತ್ತೆ, ನಡುವೆ ಬಂದದ್ದೆಲ್ಲ ಹಾಗೇ ಜಾರಿ ಹೋಗುತ್ತೆ. ಹಾಡಿಲ್ಲದಿದ್ದರೆ ಸಂಗೀತ ನಿರ್ದೇಶಕರಿಗೂ ಬೇರೆ ಆಸರೆ ಇಲ್ಲ, ನಮಗೂ ಇಲ್ಲ.

ನಮ್ಮ ಪುಣ್ಯಕ್ಕೆ ಕನ್ನಡದಲ್ಲಿ ಅಂಥವು ಇವೆ. ಸುನೀಲ್ ಕುಮಾರ್ ದೇಸಾಯಿ ಅವರ 'ತರ್ಕ' (1989), ಆಮೇಲೆ ಬಂದ 'ನಿಷ್ಕರ್ಷ'. ಎರಡಕ್ಕೂ ಗುಣಸಿಂಗ್ ಅವರ ಸಂಗೀತ. ಹಾಡು ಬರೆದವರ ಹೆಸರು, ಹಾಡಿದವರ ಹೆಸರು ನಾಲಿಗೆ ತುದಿಯಲ್ಲಿ ಇಟ್ಟುಕೊಂಡ ನಮ್ಮ ಜನ ಗುಣಸಿಂಗ್ ಹೆಸರನ್ನ ಅಷ್ಟಾಗಿ ಎತ್ತೋದೇ ಇಲ್ಲ. ಇದು ನನಗೆ ನಿಜವಾಗಿಯೂ ಬೇಜಾರಿನ ವಿಷಯ. 'ನಿಷ್ಕರ್ಷ'ದಲ್ಲಿ ಮಣಿಪಾಲದ ಒಂದು ದೊಡ್ಡ ಕಟ್ಟಡ, ಒಳಗೆ ಬ್ಯಾಂಕ್, ದರೋಡೆಕೋರರು, ಒತ್ತೆಯಾಳುಗಳು. ಹೊರಗೆ ಪೊಲೀಸರು. ಕಥೆ ಹೆಚ್ಚುಕಡಿಮೆ ಅಲ್ಲೇ ಸುತ್ತುತ್ತೆ. ಜಾಗ ಬದಲಾಗದೆ ಅಷ್ಟು ಹೊತ್ತು ಪ್ರೇಕ್ಷಕರನ್ನ ಹಿಡಿದು ಕೂರಿಸೋದರಲ್ಲಿ ಸಂಗೀತದ ಪಾಲು ಎಷ್ಟು ಅನ್ನೋದನ್ನ ನೀವೇ ನೋಡಿ.

ಇಡೀ ಚಿತ್ರವನ್ನ ಒಮ್ಮೆಲೇ ಹಿಡಿಯೋಕೆ ಹೋಗಬೇಡಿ. ನಾಲ್ಕೈದು ನಿಮಿಷದ ಒಂದು ದೃಶ್ಯ ಆರಿಸಿಕೊಳ್ಳಿ. ಮೊದಲು ಸುಮ್ಮನೆ ನೋಡಿ. ಆಮೇಲೆ ಸೌಂಡ್ ಪೂರ್ತಿ ತೆಗೆದು ನೋಡಿ. ಮೂರನೇ ಸಲ ಟಿವಿಗೆ ಬೆನ್ನು ಹಾಕಿ ಬರೀ ಕೇಳಿ. ಮೂರೂ ಮುಗಿಯೋವರೆಗೆ ಯಾರೂ ಅಭಿಪ್ರಾಯ ಹೇಳಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಒಬ್ಬರು "ಚೆನ್ನಾಗಿದೆ" ಅಂದ್ರೆ ಉಳಿದವರ ಕಿವಿಯೂ ಅದೇ ದಾರಿ ಹಿಡಿಯುತ್ತೆ.

ಆಮೇಲೆ ಸಂಗೀತದ ಪರಿಭಾಷೆ ಬೇಡವೇ ಬೇಡ. ಮೂರು ಪ್ರಶ್ನೆ ಸಾಕು. ಸಂಗೀತ ಯಾವುದರ ಮೇಲೆ ಶುರುವಾಯ್ತು, ಮಾತಿನ ಮೇಲಾ, ಒಂದು ನೋಟದ ಮೇಲಾ, ಬಾಗಿಲು ಹಾಕಿದ ಸದ್ದಿನ ಮೇಲಾ? ಎಲ್ಲಿ ನಿಂತಿತು? ಅದು ಯಾರ ಪರ ಇದೆ? ಈ ಮೂರನೆಯದರ ಮೇಲೆ ನಾವು ಗೆಳೆಯರು ಗಂಟೆಗಟ್ಟಲೆ ವಾದ ಮಾಡಿದ್ದೀವಿ. ಪಾತ್ರಕ್ಕೆ ಇನ್ನೂ ಗೊತ್ತಿಲ್ಲದ ಅಪಾಯ ಸಂಗೀತಕ್ಕೆ ಗೊತ್ತಿರುತ್ತೆ ಕೆಲವು ಕಡೆ. ಕೆಲವು ಕಡೆ ಪಾತ್ರದ ಜೊತೆಜೊತೆಗೇ ಅದೂ ಬೆಚ್ಚಿ ಬೀಳುತ್ತೆ. ಮೊದಲನೆಯದು ನಮ್ಮನ್ನ ಹೆದರಿಸುತ್ತೆ, ಎರಡನೆಯದು ಆ ಪಾತ್ರದ ಪಕ್ಕ ನಿಲ್ಲಿಸುತ್ತೆ. ಇದನ್ನ ಗುರುತಿಸೋಕೆ ಬಂದ್ರೆ ನಿಮ್ಮ ಚರ್ಚೆ ಹಾಡಿನ ಕಡೆ ತಿರುಗಲ್ಲ, ನಾನು ಮಾತು ಕೊಡ್ತೀನಿ.

ಹೋಲಿಸೋವಾಗ ಚಿತ್ರಕ್ಕೆ ಚಿತ್ರ, ಹೆಸರಿಗೆ ಹೆಸರು ಇಟ್ಟು ತೂಗಬೇಡಿ. ಒಂದೇ ಥರದ ಎರಡು ಸಂದರ್ಭ ಹಿಡಿಯಿರಿ. ಎರಡು ಚಿತ್ರಗಳಲ್ಲಿ ಸಾವಿನ ಸುದ್ದಿ ಬರೋ ದೃಶ್ಯ. ಎರಡರಲ್ಲಿ ಯಾರೋ ಯಾರಿಗೋ ಕಾಯೋ ದೃಶ್ಯ. 'ಬೆಳದಿಂಗಳ ಬಾಲೆ' (1995) ಇದಕ್ಕೆ ತುಂಬ ಚೆನ್ನಾಗಿ ಒದಗುತ್ತೆ. ಅದೂ ದೇಸಾಯಿ–ಗುಣಸಿಂಗ್ ಜೋಡಿಯದೇ. ಅನಂತ್ ನಾಗ್ ಚೆಸ್ ಆಟಗಾರ, ನಾಯಕಿ ಫೋನಿನಲ್ಲಿ ಬರೋ ದನಿ ಅಷ್ಟೇ, ಅವಳ ಮುಖವನ್ನ ಚಿತ್ರ ನಮಗೆ ತೋರಿಸೋದೇ ಇಲ್ಲ. ಕಣ್ಣಿಗೆ ಕಾಣದ ಒಬ್ಬಳನ್ನ ಆ ಕೋಣೆಯೊಳಗೆ ತಂದು ಕೂರಿಸೋಕೆ ಏನೇನು ಮಾಡಿದ್ದಾರೆ ಕೇಳಿ. ಅದೇ ದಿನ 'ತರ್ಕ'ದ ಐದು ನಿಮಿಷ ಹಾಕಿ. ಇಬ್ಬರು ಅದೇ ಕೆಲಸಗಾರರು, ಆದ್ರೆ ಪೂರಾ ಬೇರೆ ಮನಸ್ಸು.

ಬೆಂಗಳೂರಿನ ಒಬ್ಬ ಹಿರಿಯರು:

ನೋಡಮ್ಮ, ನಾನು ವಾದ್ಯವೃಂದದಲ್ಲಿ ಪಿಟೀಲು ನುಡಿಸಿದವನು. ನೀವು ಹಿನ್ನೆಲೆ ಸಂಗೀತ ಅನ್ನೋದನ್ನ ನಾವು ರೀ-ರೆಕಾರ್ಡಿಂಗ್ ಅಂತಿದ್ದೆವು, ಬಾಯಿಗೆ ಸುಲಭವಾಗಿ ಆರ್‌ಆರ್. ಅದು ಹೇಗೆ ಆಗ್ತಿತ್ತು ಅಂತ ಗೊತ್ತಾದ್ರೆ ಹಳೇ ಚಿತ್ರ ಕೇಳೋ ರೀತಿಯೇ ಬದಲಾಗುತ್ತೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೀತೀನಿ.

35 ಎಂಎಂ ಫಿಲ್ಮಿನ ಕಾಲ. ಸಾವಿರ ಅಡಿಯ ಒಂದು ರೀಲು ಅಂದ್ರೆ ಸುಮಾರು 11 ನಿಮಿಷ. ಚಿತ್ರ ರೀಲು ರೀಲಾಗಿ ಬರ್ತಿತ್ತು. ರೆಕಾರ್ಡಿಂಗ್ ಥಿಯೇಟರಿನೊಳಗೆ ಪರದೆ ಮೇಲೆ ರೀಲು ಓಡಿಸ್ತಾರೆ, ಮಾತು ಮಾತ್ರ ಇರುತ್ತೆ. ಸಂಗೀತ ನಿರ್ದೇಶಕರು ಎಲ್ಲಿ ಬೇಕು, ಎಷ್ಟು ಸೆಕೆಂಡು ಅಂತ ಗುರುತು ಹಾಕಿಕೊಂಡು ಸ್ವರ ಬರೆದು ಕೊಡ್ತಾರೆ. ಪ್ರತಿ ತುಣುಕಿನ ಎಣಿಕೆ ವಾದ್ಯವೃಂದ ನಡೆಸೋ ಕಂಡಕ್ಟರ್ ಕೈಯಲ್ಲಿ. ಪಿಟೀಲು, ಚೆಲ್ಲೋ, ಕೊಳಲು, ತಬಲ, ಗಿಟಾರ್, ಎಲ್ಲರೂ ಒಂದೇ ಸಲ ಒಟ್ಟಿಗೆ ನುಡಿಸಬೇಕು. ನಾಯಕಿ ತಲೆ ಎತ್ತೋ ಹೊತ್ತಿಗೆ ಬಿಲ್ಲು ತಂತಿಯ ಮೇಲೆ ಇರಬೇಕು, ಅರ್ಧ ಸೆಕೆಂಡು ಮುಂದಾದರೂ ಗುಟ್ಟು ರಟ್ಟು. ಒಬ್ಬರು ಜಾರಿದರೆ ಎಲ್ಲರೂ ಮೊದಲಿನಿಂದ. ಈಗ ಕಂಪ್ಯೂಟರಿನಲ್ಲಿ ಒಂದೊಂದೇ ಟ್ರ್ಯಾಕ್ ಕೂಡಿಸಬಹುದು, ಬೇಡವಾದ್ದು ತೆಗೀಬಹುದು, ಫ್ರೇಮಿಗೆ ಸರಿಯಾಗಿ ಹೊಂದಿಸಬಹುದು. ಒಳ್ಳೇದೇ. ಆದರೆ ಹಳೇದರಲ್ಲಿ ಜನ ಒಟ್ಟಿಗೆ ಉಸಿರು ಹಿಡಿದು ಬಿಡೋದು ಕೇಳಿಸುತ್ತೆ. ಹೆಡ್‌ಫೋನ್ ಹಾಕಿ, ವಾದ್ಯಗಳು ನಿಂತ ಕೂಡಲೇ ಬರೋ ಆ ಸಣ್ಣ ಮೌನವನ್ನ ಗಮನಿಸಿ.

ಕೇಳಬೇಕಾದ್ದು ಅಂದ್ರೆ ಇಳಯರಾಜ ಅವರ ಕನ್ನಡದ ಕೆಲಸ. ಅವರು ಸ್ವತಂತ್ರವಾಗಿ ಹೆಸರು ಮಾಡೋ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದವರು, ಕನ್ನಡ ಚಿತ್ರಗಳ ಒಳಹೊರಗು ಆಗಲೇ ಗೊತ್ತಿದ್ದವರು. ಶಂಕರ್ ನಾಗ್ ಅವರ 'ಗೀತಾ' (1981), ಮಣಿರತ್ನಂ ಮೊದಲು ನಿರ್ದೇಶಿಸಿದ 'ಪಲ್ಲವಿ ಅನುಪಲ್ಲವಿ' (1983). ಎರಡನೆಯದರ ಧಾಟಿ ನಿಮಗೆ ಚಿತ್ರ ನೋಡದೆಯೇ ಗೊತ್ತಿರುತ್ತೆ, ಐಡಿಯಾ ಮೊಬೈಲ್ ಜಾಹೀರಾತಿನಲ್ಲಿ ವರ್ಷಗಟ್ಟಲೆ ಬಂತು. ಜಾಹೀರಾತಿನಲ್ಲಿ ಕೇಳಿದಾಗ ಅದು ಬರೀ ಇಂಪು. ಚಿತ್ರದೊಳಗೆ ಅನಿಲ್ ಕಪೂರ್, ಲಕ್ಷ್ಮಿ ಇಬ್ಬರ ನಡುವೆ ಆಡಲಾಗದ ಮಾತೊಂದು ನಿಂತಿರುತ್ತಲ್ಲ, ಅಲ್ಲಿ ಕೇಳಿ ನೋಡಿ. ಸ್ವರ ಅದೇ, ಅದು ಮಾಡೋ ಕೆಲಸ ಬೇರೆ. ಹಿನ್ನೆಲೆ ಸಂಗೀತವನ್ನ ಚಿತ್ರದಿಂದ ಕಿತ್ತು ಪ್ರತ್ಯೇಕ ಕೇಳಿ ಅಂಕ ಹಾಕಬಾರದು ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಮಂಗಳೂರಿನಿಂದ:

ಮೇಲಿನವರು ಹೇಳಿದ್ದು ಸರಿ ಉಂಟು. ನಾನು ನಮ್ಮ ಕರಾವಳಿಯ ಚಿತ್ರಗಳ ಬಗ್ಗೆ ಮಾತ್ರ ಸೇರಿಸ್ತೇನೆ, ಯಾಕಂದ್ರೆ ಇಲ್ಲಿಯ ತಾಳ ಗೊತ್ತಿದ್ರೆ ಕೆಲವು ಕಡೆ ಸಂಗೀತ ನಿರ್ದೇಶಕರು ಏನು ಮಾಡಿದ್ದಾರೆ ಅಂತ ಬೇಗ ಹಿಡೀಬಹುದು.

ಹುಲಿವೇಷಕ್ಕೆ ತಾಸೆ ಎಂಬ ಚರ್ಮವಾದ್ಯ ಬೇಕು. ಮಾರ್ನೆಮಿಗೆ, ಅಂದ್ರೆ ನವರಾತ್ರಿಗೆ, ಬೀದಿಯಲ್ಲಿ ತಾಸೆ ಕೇಳಿದ ಕೂಡಲೇ ಇಲ್ಲಿಯ ಸಣ್ಣ ಮಕ್ಕಳ ಕಾಲು ಸಹ ಕುಣೀತದೆ. ಈಗ 'ಗರುಡ ಗಮನ ವೃಷಭ ವಾಹನ' (2021) ಹಾಕಿ. ಮಳೆಯಲ್ಲಿ ಶಿವ ಅನ್ನುವ ಪಾತ್ರ ಹುಲಿ ಹೆಜ್ಜೆ ಹಾಕುವ ಜಾಗ ಉಂಟಲ್ಲ, ಮೈಯೆಲ್ಲ ತಾಸೆಯ ಮೈ. ಆದ್ರೆ ನಮಗೆ ಕೇಳುವುದು 'ಸೋಜುಗದ ಸೂಜುಮಲ್ಲಿಗೆ', ಚೈತ್ರಾ ಆಚಾರ್ ದನಿಯಲ್ಲಿ. ಅದು ಮಲೆ ಮಾದಪ್ಪನ ಪದ, ಚಾಮರಾಜನಗರದ ಕಡೆಯದ್ದು, ನಮ್ಮ ಊರಿನದ್ದೇ ಅಲ್ಲ! ಕೊಂದು ಬಂದವನ ಕುಣಿತಕ್ಕೆ ದೇವರಿಗೆ ಹೂ ಏರಿಸುವ ಪದ. ಅಲ್ಲಿ ತಾಸೆಯನ್ನೇ ಹಾಕಿದ್ರೆ ಚಪ್ಪಾಳೆ ಬೀಳ್ತಿತ್ತು, ಅಷ್ಟೇ. ಈ ಪದ ಹಾಕಿದ್ದಕ್ಕೆ ಅವನನ್ನು ನೋಡಿ ಹೆದರಿಕೆಯೂ ಆಗ್ತದೆ, ಅಯ್ಯೋ ಪಾಪ ಅಂತಲೂ ಅನ್ನಿಸ್ತದೆ. ಶಿವಮೊಗ್ಗದವರು ಕೇಳಿದ "ಯಾರ ಪರ" ಅನ್ನುವ ಪ್ರಶ್ನೆಯನ್ನು ಇಲ್ಲಿ ಕೇಳಿ, ಸುಲಭದಲ್ಲಿ ಉತ್ತರ ಸಿಗುವುದಿಲ್ಲ. ಆ ಚಿತ್ರದ ಸಂಗೀತ ಮಿಧುನ್ ಮುಕುಂದನ್ ಅವರದ್ದು.

ಅದರ ಪಕ್ಕಕ್ಕೆ 'ಕಾಂತಾರ'ದ (2022) ಕೊನೆಯ ಭಾಗ ಇಟ್ಟು ನೋಡಿ. ಅಲ್ಲಿ ಅಜನೀಶ್ ಲೋಕನಾಥ್ ನಾಗಸ್ವರದ ಜೊತೆ ಎಲೆಕ್ಟ್ರಿಕ್ ಗಿಟಾರ್ ತಂದಿದ್ದಾರೆ. ಆದ್ರೆ ನನ್ನ ಮಟ್ಟಿಗೆ ಅಲ್ಲಿಯ ದೊಡ್ಡ ಸಂಗೀತ ದೈವದ ಆ "ಓ" ಎಂಬ ಕೂಗು. ಕೋಲ ನೋಡಿ ಬೆಳೆದವರಿಗೆ ಅದು ಕೇಳಿದಾಗ ಆಗುವುದು ಬೇರೆಯೇ ಮಾರಾಯ್ರೆ, ಕೈ ತನ್ನಿಂತಾನೇ ಮುಗೀತದೆ. ಮನುಷ್ಯರ ಕೂಗನ್ನು ವಾದ್ಯದ ಲೆಕ್ಕದಲ್ಲಿ ಹಿಡಿದುಕೊಂಡು ಕೇಳಿ.

ಇನ್ನೊಂದು. ಟೈಟಲ್ ಕಾರ್ಡ್ ಓದಿ. ಹಾಡು ಒಬ್ಬರದ್ದು, ಹಿನ್ನೆಲೆ ಇನ್ನೊಬ್ಬರದ್ದು ಇರ್ತದೆ. 'ರಂಗಿತರಂಗ'ದ (2015) ಹಾಡು ನಿರ್ದೇಶಕ ಅನೂಪ್ ಭಂಡಾರಿಯವರದ್ದೇ, ಹಿನ್ನೆಲೆ ಸಂಗೀತ ಅಜನೀಶ್ ಅವರದ್ದು.

ಧಾರವಾಡದಿಂದ:

ತಂಗಿ, ಎಲ್ಲಾರೂ ಹೇಳಿದ್ದು ಛಲೋ ಅದ. ಆದರ ಒಂದು ಕಾಲದಾಗ ನಮ್ಮ ಕಡೆ ಚಿತ್ರಕ್ಕ ಸಂಗೀತ ಮಾಡಿದವರು ಸಿನಿಮಾ ಮಂದಿ ಅಲ್ಲ, ಅದನ್ನ ಬಿಟ್ಟು ಹೋಗಬ್ಯಾಡ್ರಿ. 'ಸಂಸ್ಕಾರ'ಕ್ಕ (1970) ಸರೋದ ವಾದಕ ರಾಜೀವ ತಾರಾನಾಥರು. ರಾಯಚೂರಿನ ಹಮ್ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ, ಅಲಿ ಅಕ್ಬರ್ ಖಾನರ ಶಿಷ್ಯ. 2024ರಾಗ ತೀರಿಕೊಂಡ್ರು. ಅಗ್ರಹಾರದಾಗ ನಾರಣಪ್ಪನ ಹೆಣ ಬಿದ್ದೈತಿ, ಯಾರೂ ಮುಟ್ಟವಲ್ಲರು. ಆ ಕಾಯೋದು, ಆ ಹಸಿವಿ, ಅದಕ್ಕ ರಾಗದ ಮನಿಯಿಂದ ಬಂದಾವರು ಎಷ್ಟು ಸ್ವರ ಖರ್ಚು ಮಾಡ್ಯಾರ ನೋಡ್ರಿ.

'ಘಟಶ್ರಾದ್ಧ'ಕ್ಕ (1977) ನಾಟಕದ ಬಿ.ವಿ. ಕಾರಂತರು. ಕಾರಂತರಿಗೆ 1976ರ 'ಋಷ್ಯಶೃಂಗ', ಮರುವರ್ಷ 'ಘಟಶ್ರಾದ್ಧ', ಹಿಂಗ ಬೆನ್ನಹಿಂದೆ ಎರಡು ಸಲ ಸಂಗೀತ ನಿರ್ದೇಶನಕ್ಕ ರಾಷ್ಟ್ರಪ್ರಶಸ್ತಿ ಬಂತು, ಎರಡೂ ಕನ್ನಡದ್ದು. ಇವತ್ತ ಇದು ಎಷ್ಟು ಮಂದಿಗೆ ನೆನಪೈತಿ? 'ಘಟಶ್ರಾದ್ಧ'ದ ಹಳೇ ಪ್ರಿಂಟಿನ ಸದ್ದು ಭಾಳ ಹಾಳಾಗಿತ್ತು. ಈಗ ಅದನ್ನ ದುರಸ್ತಿ ಮಾಡ್ಯಾರ, 2024ರ ವೆನಿಸ್ ಚಿತ್ರೋತ್ಸವದಾಗ ತೋರಿಸಿದ್ರು. ಆ ಪ್ರತಿ ಎಲ್ಲರೆ ಪರದೆ ಮ್ಯಾಲೆ ಬಂದ್ರ ಬಿಡಬ್ಯಾಡ್ರಿ, ಮೊಬೈಲಿನಾಗ ನೋಡಿ ಸಂಗೀತ ಇಲ್ಲ ಅಂತ ಅನ್ನಬ್ಯಾಡ್ರಿ.

ಮಂಡ್ಯದಿಂದ:

ಸಂಗೀತ ಬೇಡ ಅಂತ ತೀರ್ಮಾನ ಮಾಡಿದ ಚಿತ್ರವನ್ನೂ ಪಟ್ಟಿಗೆ ಸೇರಿಸಿ. 'ತಿಥಿ' ನಮ್ಮ ಕಡೆಯ ಹಳ್ಳಿಯಲ್ಲಿ ನಮ್ಮ ಜನರನ್ನೇ ಹಾಕಿ ತೆಗೆದದ್ದು, 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದಿತು. ಹಿನ್ನೆಲೆ ಸಂಗೀತದ ಗೋಜಿಗೇ ಹೋಗಿಲ್ಲ. ಕುರಿ, ಜನರ ಬೈಗುಳ, ಗದ್ದೆಯ ಸದ್ದು, ಅಷ್ಟೇ. ಗಡ್ಡಪ್ಪ ನಡ್ಕೊಂಡು ಹೋಗ್ತಿರೋವಾಗ ಕೆಳಗೆ ಒಂದು ಕೊಳಲು ಇದ್ದಿದ್ರೆ ಅವನು ಏನಾಗ್ತಿದ್ದ ಅಂತ ಯೋಚನೆ ಮಾಡಿ. ನಿಮ್ಮ ಫೋನಿನಿಂದ ಏನಾದ್ರೂ ಹಾಕಿಯೂ ನೋಡಿ. ನಾನು ಮಾಡಿದ್ದೀನಿ, ತಕ್ಷಣ ಸುಳ್ಳಾಗಿಬಿಡುತ್ತೆ ದೃಶ್ಯ.

ಬಳ್ಳಾರಿಯಿಂದ:

ಇಲ್ಲಿ ಎಲ್ಲರೂ ಮೌನ, ಸೂಕ್ಷ್ಮ ಅಂತ ಹೇಳ್ತಿದ್ದಾರೆ. ಒಪ್ತೀನಿ, ಆದ್ರೆ ಜೋರಾಗಿರೋದು ಕೀಳು ಅಂತ ಯಾರೂ ಅಂದ್ಕೋಬೇಡಿ. 'ಕೆಜಿಎಫ್' (2018) ಥಿಯೇಟರಿನಲ್ಲಿ ನೋಡಿದವರನ್ನ ಕೇಳಿ. ರವಿ ಬಸ್ರೂರು ಅವರು ಅಷ್ಟೊಂದು ಗಂಡು ದನಿಗಳನ್ನ ಒಟ್ಟಿಗೆ ಹಾಕಿದ್ದು ಸುಮ್ಮನೆ ಅಬ್ಬರಕ್ಕಲ್ಲ. ಗಣಿಯಲ್ಲಿ ಬಾಯಿ ಕಟ್ಟಿಸಿಕೊಂಡ ಜನರ ಕಥೆ ಅದು, ಆ ಕೋರಸ್ ಅವರ ಬಾಯಿ. ಅದೇ ಚಿತ್ರದಲ್ಲಿ ಅನನ್ಯಾ ಭಟ್ ಹಾಡಿದ 'ಗರ್ಭದಿ' ಅಮ್ಮನ ಕಡೆಯದು. ಗಂಡು ಕೋರಸ್ ಎಲ್ಲಿ ಬರುತ್ತೆ, ಹೆಣ್ಣು ದನಿ ಎಲ್ಲಿ ಬರುತ್ತೆ ಅಂತ ಗುರುತು ಹಾಕಿ, ನಾಯಕ ರಾಕಿಯ ಒಳಗಿನ ಜಗಳ ಕೇಳಿಸುತ್ತೆ. ನನಗೂ ಕೆಲವು ಕಡೆ ಮಾತು ಕೇಳಿಸದಷ್ಟು ಜಾಸ್ತಿ ಆಯ್ತು ಅನ್ನಿಸಿದೆ, ಅದನ್ನೂ ಹೇಳ್ತೀನಿ. ಆದ್ರೂ ನಾನು ಅದರ ಪರವೇ.

ಡಲ್ಲಾಸ್‌ನಿಂದ:

ಒಂದು ಉಪಾಯ. ಹೊಸ ಚಿತ್ರಗಳ 5.1 ಸೌಂಡ್‌ನಲ್ಲಿ ಮಾತು ಬಹುಪಾಲು ನಡುವಿನ ಸ್ಪೀಕರಿಗೆ ಹೋಗುತ್ತೆ, ಸಂಗೀತ ಹೆಚ್ಚಾಗಿ ಎಡ, ಬಲ, ಹಿಂದೆ. ಮನೆಯಲ್ಲಿ ಹೋಮ್ ಥಿಯೇಟರ್ ಇದ್ದರೆ ನಡುವಿನದನ್ನ ತಗ್ಗಿಸಿ, ಸಂಗೀತ ಎದ್ದು ಬರುತ್ತೆ. ಟಿವಿಯ ಸ್ವಂತ ಸ್ಪೀಕರ್ ಮಾತ್ರ ನಂಬಬೇಡಿ, ಚೆಲ್ಲೋ, ಡೊಳ್ಳು ಇಂಥ ಕೆಳಗಿನ ದನಿಗಳೆಲ್ಲ ಅದರಲ್ಲಿ ಮಾಯ. ಹಳೇ ಚಿತ್ರಗಳು ಮೋನೊ, ಅಂದ್ರೆ ಎಲ್ಲ ಸದ್ದೂ ಒಂದೇ ಚಾನೆಲ್‌ನಲ್ಲಿ, ಅದಕ್ಕೆ ಈ ಉಪಾಯ ನಡೆಯಲ್ಲ.

ಹಾಸನದಿಂದ ಮತ್ತೆ:

ಎಲ್ಲರಿಗೂ ತುಂಬ ಧನ್ಯವಾದ. 'ನಿಷ್ಕರ್ಷ'ದಿಂದ ಶುರು ಮಾಡ್ತೀವಿ, ಮುಂದಿನ ವಾರ 'ಗರುಡ ಗಮನ', 'ಕಾಂತಾರ' ಎರಡರ ಆ ದೃಶ್ಯಗಳು ಒಂದರ ಪಕ್ಕ ಒಂದು. ಮೂರು ಪ್ರಶ್ನೆಯನ್ನ ಚೀಟಿಯಲ್ಲಿ ಬರೆದು ಎಲ್ಲರ ಕೈಗೂ ಕೊಡ್ತೀನಿ. ಒಂದೇ ಅನುಮಾನ: ನಮ್ಮಲ್ಲಿ ಒಬ್ಬಳು 'ಕೆಜಿಎಫ್' ಹಿಂದಿಯಲ್ಲಿ ನೋಡಿದ್ದಾಳೆ. ಅವಳು ಕೇಳಿದ್ದು ಇದೇ ಹಿನ್ನೆಲೆ ಸಂಗೀತವಾ?

ಬೆಂಗಳೂರಿನ ಹಿರಿಯರು:

ಸಾಮಾನ್ಯವಾಗಿ ಅದೇ ಇರುತ್ತಮ್ಮ. ಮಿಕ್ಸಿಂಗ್ ಮಾಡೋವಾಗ ಮಾತನ್ನ ಬೇರೆ, ಸಂಗೀತ ಮತ್ತು ಇತರ ಸದ್ದುಗಳನ್ನ ಬೇರೆ ಟ್ರ್ಯಾಕಿನಲ್ಲಿ ಇಟ್ಟಿರ್ತಾರೆ, ಈ ಎರಡನೆಯದಕ್ಕೆ ಎಂ ಅಂಡ್ ಇ (ಮ್ಯೂಸಿಕ್ ಅಂಡ್ ಎಫೆಕ್ಟ್ಸ್) ಅಂತಾರೆ. ಡಬ್ಬಿಂಗ್‌ನಲ್ಲಿ ಮಾತು ಬದಲಾಗುತ್ತೆ, ಹಾಡಿನ ಸಾಹಿತ್ಯ ಬದಲಾಗುತ್ತೆ, ಈ ಟ್ರ್ಯಾಕ್ ಹಾಗೇ ಉಳಿಯುತ್ತೆ. ಬೇಕಾದ್ರೆ ಒಂದೇ ದೃಶ್ಯವನ್ನ ಎರಡು ಭಾಷೆಯಲ್ಲಿ ಹಾಕಿ ನೋಡಿ. ಆ ಭಾಷೆ ಬಾರದವರು ನಿಮ್ಮಲ್ಲಿದ್ದರೆ ಅವರನ್ನೇ ಮೊದಲು ಮಾತಾಡಿಸಿ. ಅರ್ಥದ ಕಡೆ ಗಮನ ಹೋಗಿರಲ್ಲ, ಸಂಗೀತ ಅವರಿಗೇ ಹೆಚ್ಚು ಕೇಳಿಸಿರುತ್ತೆ.